ಕೊಬ್ಬರಿ ಧಾರಣೆ ಓದುವ ಕಾಲೇಜು ಹುಡುಗಿಯರು

ಗೆಳೆಯರೇ, ಬೆಳಿಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಯಾವ ವೆಬ್‌ಸೈಟನ್ನು ಎಂಥವರು ಓದುತ್ತಾರೆಂದು ಹೇಳುವ ಕಂಪನಿಯೊಂದರ ಪ್ರಕಾರ, ನಮ್ಮ ಮಂಜಣ್ಣನ ಕೊಬ್ಬರಿ ಧಾರಣೆಯ ಸೈಟಿಗೆ ಬರುವವರೆಲ್ಲ ಕಾಲೇಜು ಹುಡುಗಿಯರು. ನನ್ನ ಪ್ರೇಮಕವಿತೆಗಳ ಬ್ಲಾಗಿಗೆ ಐವತ್ತು ದಾಟಿದ ಗಂಡಸರು!

ತಡೆಯಲಾರದೆ, ಆ ಹುಡುಗಿಯರನ್ನು ಕಣ್ಣಾರೆ ನೋಡೋಣವೆಂದು, ಮಂಜಣ್ಣನ ಸೈಟನ್ನು ಹೆಚ್ಚಾಗಿ ತೆರೆಯುವ ಹೊಸದುರ್ಗದ ಸೈಬರ್ ಸೆಂಟರಿಗೆ ಹೋದೆ. ಮತ್ತೋಡಿನ ಮೂವರು ಯಜಮಾನರು ಮಂಜಣ್ಣನ ಸೈಟು ತೆರೆದು ಕುಳಿತಿದ್ದರು.

"ಹುಡುಗೀರು ಎಲ್ರೀ?" ಎಂದೆ.

ಸೆಂಟರಿನ ರುದ್ರಪ್ಪ ನಕ್ಕರು. "ಈ ಕಂಪ್ಯೂಟ್ರು ಯಾರ್ ಬಳಸ್ತಾರೆ ಅಂತ ಆ ಕಂಪನಿಯೋರು ಫಾರಂ ಕೊಟ್ಟಿದ್ರು. ಬಿಎ ಓದೋ ನನ್ ಮಗಳ ಹೆಸ್ರು ಬರ್ದೆ. ಈಗ ಇಲ್ಲಿ ಯಾರ್ ಕುಂತ್ರೂ ಅವ್ಳೇ ಲೆಕ್ಕ."

ಎಲ್ಲವೂ ಬೋಗಸ್ಸೆಂದು ಗೊತ್ತಾಯಿತು. ಆದರೂ "ಯಜಮಾನ್ರೇ, ಒಂಚೂರು ಏಳ್ರಿ" ಎಂದು ಅವರನ್ನು ಎಬ್ಬಿಸಿ, ಅದೇ ಕಂಪ್ಯೂಟರಿನಲ್ಲಿ ಸಂಜೆಯವರೆಗೆ ನನ್ನ ಬ್ಲಾಗನ್ನೇ ಓದಿದೆ. ಇನ್ನು ನನ್ನ ಕವಿತೆಗೂ ಒಬ್ಬಳು ಕಾಲೇಜು ಹುಡುಗಿ ಇದ್ದಾಳೆ.