ಬಿಸಿಲಿಗೆ ಹಿಡಿದ ಮಾನಿಟರ್

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಓಬಳಪ್ಪ ಎಂದರೆ ಬುಟ್ಟಾ ಬರೆಯುವವನು. ರೇಷ್ಮೆ ಸೀರೆಯ ಮೇಲೆ ನವಿಲು ಕೂರಬೇಕಾದರೆ, ಅದು ಮೊದಲು ಓಬಳಪ್ಪನ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿಕೊಂಡು ಕೂರಬೇಕಿತ್ತು. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಿದ್ದರು. ರಟ್ಟು ಹೇಳಿದಂತೆ ಮಗ್ಗ ನೇಯುತ್ತಿತ್ತು. ಅವನ ಗೆರೆಗೆ ಬೆರಳು ತೋರಿಸಿದವರು ಕೇರಿಯಲ್ಲಿ ಒಬ್ಬರೂ ಇರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಹೊತ್ತಿಗೆ ಆ ಚೌಕಗಳು ಒಂದರೊಳಗೊಂದು ಕರಗತೊಡಗಿದವು. ಕನ್ನಡಕ ಬದಲಿಸಿ ನೋಡಿದ, ಉಪಯೋಗವಾಗಲಿಲ್ಲ. ಇದು ಕನ್ನಡಕಕ್ಕೆ ಬಗ್ಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ವಿಷಯ ಗೊತ್ತಿದ್ದದ್ದು ಹೆಂಡತಿ ತಿಪ್ಪೇರುದ್ರಮ್ಮನಿಗೆ ಮಾತ್ರ. ಹೊರಗೆ ಗೊತ್ತಾದರೆ ಯಾರು ಕೆಲಸ ಕೊಡುತ್ತಾರೆ? ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಕೂತರೂ ನಿಂತರೂ ಅದೇ ಭಯ.

ಉಳಿದದ್ದು ಕಂಪ್ಯೂಟರಿನ ದಾರಿ. ಅದರಲ್ಲಿ ಸಾಸಿವೆಯಷ್ಟಿರುವ ಚೌಕವನ್ನು ಅವರೆಕಾಳಿನಷ್ಟು ಮಾಡಿಕೊಳ್ಳಬಹುದು ಎಂದು ನೇಕಾರರಿಗೆಂದು ನಡೆದ ತರಬೇತಿಗೆ ಹೋದಾಗ ಕಂಡಿದ್ದ. ಹಳೆಯದೊಂದು ಸಿಪಿಯು ಪೆಟ್ಟಿಗೆ ಹೇಗೋ ಹೊಂದಿಸಿಕೊಂಡ. ಮಾನಿಟರ್ ತರಲು ಚಳ್ಳಕೆರೆಯ ಬಸ್ಸು ಹತ್ತಿದ.

ಕಂಪ್ಯೂಟರ್ ಅಂಗಡಿಯ ಪ್ರಭು ಎರಡು ಮಾನಿಟರ್ ಅಕ್ಕಪಕ್ಕ ಹಚ್ಚಿ, ಓಬಳಪ್ಪ ತರಬೇತಿಯಲ್ಲಿ ಕರಡು ಬರೆದು ಫ್ಲಾಪಿಯಲ್ಲಿ ತಂದಿದ್ದ ನವಿಲನ್ನು ಎರಡರಲ್ಲೂ ತೋರಿಸಿದ. "ಇದು ಚಿಕ್ಕದು, ರೇಟು ಕಮ್ಮಿ. ಆ ದೊಡ್ಡುದ್ಕೆ ಇದರ ಎರಡರಷ್ಟು ಆಗ್ತೈತೆ. ಆದ್ರೆ ಯಜಮಾನ್ರೆ, ನಿಮ್ ಗೆರೆ ಕೆಲ್ಸಕ್ಕೆ ಅದೇ ಸೈ."

ದೊಡ್ಡದರಲ್ಲಿ ನವಿಲು ಕೊಕ್ಕಿನಿಂದ ಬಾಲದ ತನಕ ಒಟ್ಟಿಗೇ ಕಂಡಿತು, ಒಂದೊಂದು ಚೌಕವೂ ಬೇರೆಬೇರೆಯಾಗಿ. ಓಬಳಪ್ಪನ ಕಣ್ಣು ತುಂಬಿ ಬಂತು. ಅಲ್ಲಿಗೇ ದುಡ್ಡು ಎಣಿಸಿ ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮನುಷ್ಯ ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿದ. ನೇಕಾರರ ಕೇರಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಯಾರೂ ಸೀರೆ ಒಪ್ಪಿಕೊಳ್ಳುವುದಿಲ್ಲ. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರೇನೇ ಬಣ್ಣ ಬಣ್ಣವಾಗುವುದು, ಎಳೆ ತಪ್ಪಿದ್ದು ಕಾಣುವುದು.

"ಲೈಟಿನ ಕೆಳಗೆ ಎಲ್ಲಾ ಚೆಂದಾನೇ ಕಾಣ್ತಾವಪ್ಪ. ಎರಡ್ನೂ ಜಗಲಿಗೆ ತಗಂಬಾ, ಬಿಸ್ಲಿಗೆ ಇಟ್ಟು ನೋಡಾಣ."

"ಬಿಸ್ಲಾಗೆ ಯಾವ ಮಾನಿಟ್ರೂ ಕಾಣಲ್ಲ ಯಜಮಾನ್ರೆ!"

"ಹಂಗಂದ್ರೆ ಏನೋ ಐಬೈತೆ ಅನ್ನು."

ಪ್ರಭು ಹಣೆ ಚಚ್ಚಿಕೊಂಡ. ಆದರೂ ಗಿರಾಕಿ ಗಿರಾಕಿಯೇ, ವೈರು ಎಳೆದು ಎರಡನ್ನೂ ಜಗಲಿಗೆ ತಂದಿಟ್ಟ. ಮಟಮಟ ಮಧ್ಯಾಹ್ನ. ಎರಡರಲ್ಲೂ ಓಬಳಪ್ಪನಿಗೆ ಕಂಡದ್ದು ತನ್ನದೇ ಮುಖ, ಹಿಂದೆ ಒಂದು ಕರೆಂಟ್ ಕಂಬ. ನವಿಲು ಎರಡರಲ್ಲೂ ಇರಲಿಲ್ಲ. ಒಳಗೆ ಕಂಡದ್ದೆಲ್ಲ ಲೈಟಿನ ಮೋಸ ಎಂದು ತೀರ್ಮಾನಿಸಿ, ತಾನು ಮೋಸ ಹೋಗಲಿಲ್ಲವೆಂಬ ಸಮಾಧಾನದಲ್ಲಿ ಚಿಕ್ಕದನ್ನೇ ಹೊತ್ತು ತಂದ.

ಮನೆಯಲ್ಲಿ ಅದು ಅವನ ಪ್ರಾಣ ತಿಂದಿತು. ಚೌಕ ದೊಡ್ಡದು ಮಾಡಿದರೆ ನವಿಲಿನ ಒಂದು ಕಾಲಷ್ಟೇ ಕಾಣುವುದು. ಪೂರ್ತಿ ನವಿಲು ಬೇಕೆಂದರೆ ಚೌಕಗಳೆಲ್ಲ ಕಲೆಸಿ ಅಂಬಲಿಯಾಗುವುದು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಏಳಲಿಲ್ಲ.

"ವಾಪಸ್ ಕೊಟ್ಟು ದೊಡ್ಡುದ್ನ ತಗಂಬರ್ರಿ," ಎಂದಳು ತಿಪ್ಪೇರುದ್ರಮ್ಮ.

"ಎರಡೂ ಒಂದೇ ಕಣೇ. ನಾನೇ ಬಿಸ್ಲಾಗೆ ನೋಡೀನಿ," ಎಂದು ರೇಗಿದ. ರೇಗಿದ್ದು ಅವಳ ಮೇಲಲ್ಲ ಎಂದು ಅವಳಿಗೂ ಗೊತ್ತಿತ್ತು.

ಕೊನೆಗೂ ಮುಗಿದು ಹಾಳೆಯ ಮೇಲೆ ಅಚ್ಚಾದ ಆ ನವಿಲನ್ನು ನೇಯಲು ಒಪ್ಪಿಕೊಂಡವನು ಪಕ್ಕದ ಮನೆಯ ಜಂಪಣ್ಣ. ಯಾರದೋ ಮದುವೆಯ ಧಾರೆ ಸೀರೆ. ಓಬಳಪ್ಪನ ಹಾಳೆ ಎಂದ ಮೇಲೆ ತಿರುಗಿ ನೋಡುವುದೇನಿದೆ ಎಂದು ರಟ್ಟು ಹೊಡೆಸಿ ಮಗ್ಗಕ್ಕೇರಿಸಿದ. ಮಗ್ಗದ ಮೇಲೆ ಸೀರೆಯ ಮುಂಬದಿ ಕೆಳಗಿರುತ್ತದೆ, ನೇಯುವಾಗ ಕಾಣುವುದು ಹಿಂಬದಿ ಮಾತ್ರ. ಸೀರೆ ಇಳಿಸಿದ ದಿನ ವಾಡಿಕೆಯಂತೆ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದ. ಹಿಡಿದವನು ಹಾಗೇ ಓಬಳಪ್ಪನ ಮನೆಗೆ ಬಂದ.

"ಓಬಳಣ್ಣಾ, ಹೊರಗ್ ಬಾ. ನೋಡು ಇದ್ನ."

ಪ್ರತಿಯೊಂದು ನವಿಲಿನ ಕುತ್ತಿಗೆಯಲ್ಲೂ ಜರಿ ತಪ್ಪಿತ್ತು. ಹಾಳೆಯಲ್ಲಿ ಒಂದೇ ಸಾಲು ಬಿಟ್ಟುಹೋದದ್ದು ರಟ್ಟಿಗೆ ಬಂದು, ರಟ್ಟು ತಿರುಗಿದಾಗಲೆಲ್ಲ ಸೀರೆಗೆ ಬಂದಿತ್ತು. ಇಡೀ ಸೀರೆಯ ನವಿಲುಗಳ ಕತ್ತು ಕುಯ್ದಂತಿತ್ತು.

ಓಬಳಪ್ಪ ಸೀರೆಯನ್ನು ಬಿಸಿಲಿಗೆ ಎತ್ತಿದ, ತಗ್ಗಿಸಿದ, ಮೂಗಿನ ಹತ್ತಿರ ತಂದ.

"ಚೆನ್ನಾಗೇ ಐತಲ್ಲೋ. ಏನಾಗೈತೆ?"

ಜಂಪಣ್ಣ ಜಗಳಕ್ಕೆಂದೇ ಬಂದವನು. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಅವನು ಸೀರೆ ನೋಡಿದ, ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತ ತಿಪ್ಪೇರುದ್ರಮ್ಮನನ್ನು ನೋಡಿದ. ಆಮೇಲೆ ಓಬಳಪ್ಪನ ಬೆರಳು ಹಿಡಿದು ಒಂದು ನವಿಲಿನ ಕುತ್ತಿಗೆಯ ಮೇಲೆ ಮೆಲ್ಲಗೆ ಆಡಿಸಿದ. ಒರಟು ಜರಿ, ನಡುವೆ ನುಣ್ಣನೆಯ ಬರೀ ರೇಷ್ಮೆ, ಮತ್ತೆ ಜರಿ.

"ಯಾವಾಗಿಂದ ಹಿಂಗೆ, ಓಬಳಣ್ಣ?"

ಓಬಳಪ್ಪ ಬೆರಳನ್ನು ಆ ನುಣುಪಿನ ಮೇಲೆ ಮತ್ತೊಮ್ಮೆ ಆಡಿಸಿದ. ಚಳ್ಳಕೆರೆಯ ಅಂಗಡಿಯೊಳಗೆ ಆ ನವಿಲು ಕೊಕ್ಕಿನಿಂದ ಬಾಲದ ತನಕ ತನಗೆ ಕಂಡಿತ್ತು, ಕಂಡದ್ದನ್ನು ತಾನೇ ನಂಬಲಿಲ್ಲ ಎಂದು ಹೇಳಬೇಕೆಂದುಕೊಂಡ. ಸೀರೆ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತಿದ್ದ.