ಕೊನೆಯ ವಾಕ್ಯವಿಲ್ಲದ ಪ್ಯಾರಾಗಳು

ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ವರ್ಷ ನಾನು ಪ್ರತಿ ಭಾನುವಾರ ಕಮಲಾಪುರದಿಂದ ಕಲಬುರಗಿಗೆ ಹೋಗುತ್ತಿದ್ದೆ. ಸ್ಟೇಶನ್ ಬಜಾರದ ಒಂದು ಮಹಡಿಯ ಕೋಣೆಯಲ್ಲಿ ಕೋಚಿಂಗ್ ಕ್ಲಾಸು. ಅಲ್ಲಿ ಕೊನೆಯ ವಾಕ್ಯವಿಲ್ಲದ ಇಂಗ್ಲಿಷ್ ಪ್ಯಾರಾ ಕೊಡುತ್ತಿದ್ದರು. ಕೆಳಗಿನ ನಾಲ್ಕು ವಾಕ್ಯಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ನನಗೆ ಅದೇ ತಪ್ಪುತ್ತಿತ್ತು. ಪ್ಯಾರಾದಲ್ಲಿ ಸಮುದ್ರ ಬಂದರೆ ಸಾಕು, ಸಮುದ್ರವನ್ನೇ ಕಾಣದ ನಾನು ಅದರ ದಂಡೆಯಲ್ಲಿ ಅಲೆಯತೊಡಗುತ್ತಿದ್ದೆ. ಪ್ರಶ್ನೆ ಮರೆತೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ವಾಪಸು ಬರುವ ಬಸ್ಸಿನಲ್ಲಿ, ಕೆಂಪು ಬಾಳೆಹಣ್ಣು ಮಾರಿ ಖಾಲಿ ಬುಟ್ಟಿ ಹಿಡಿದಿದ್ದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತಳು.

"ಏನ್ ಓದ್ಲಾಕತ್ತಿ ಯವ್ವಾ?"

ಹಡಗುಗಳಿಗೆ ದೀಪ ತೋರಿಸುವ ಒಬ್ಬ ಒಂಟಿ ಮುದುಕನ ಪ್ಯಾರಾವನ್ನೂ ಅದರ ನಾಲ್ಕು ವಾಕ್ಯಗಳನ್ನೂ ಕನ್ನಡದಲ್ಲಿ ಹೇಳಿದೆ. ಆಕೆ ಕಣ್ಣು ಮುಚ್ಚಿ ಕೇಳಿ, "ಮೂರನೇದು" ಎಂದಳು.

"ಅದೇ ಯಾಕ, ಆಯಿ?"

"ಉಳದ ಮೂರೂ ಹೊಸಾ ಮಾತು ತೆಗಿತಾವ. ಇದೊಂದು ಅವನ ಮಾತು ಮುಗಸತದ."

ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ತಿರುವಿ ನೋಡಿದೆ. ಉತ್ತರ ಸರಿಯಿತ್ತು.

"ಇನ್ನೊಂದು ಹೇಳು" ಎಂದಳು.

ಕಿಟಕಿಯಾಚೆ ತೊಗರಿ ಹೊಲಗಳು ತೂಕಡಿಸುತ್ತ ಹಿಂದೆ ಸರಿದವು. ಊರು ಬಂದದ್ದೇ ನಮಗಿಬ್ಬರಿಗೂ ತಿಳಿಯಲಿಲ್ಲ.

ಪರೀಕ್ಷೆಯಲ್ಲಿ ಪ್ಯಾರಾಗಳು ನನ್ನ ಕೈಹಿಡಿದವು. ಕಲಬುರಗಿಯಲ್ಲೇ ಸೀಟು ಸಿಕ್ಕಿತು. ಆ ಸುದ್ದಿ ಹೇಳಬೇಕೆಂದು ಆಕೆಯನ್ನು ಬಸ್ಸುಗಳಲ್ಲಿ ಬಹಳ ದಿನ ಹುಡುಕಿದೆ, ಕಾಣಲಿಲ್ಲ. ಆಮೇಲೆ ಪಕ್ಕದ ಸೀಟಿಗೆ ಯಾರೇ ಬಂದರೂ ಪುಸ್ತಕ ತೆರೆದುಕೊಂಡು, ಏನು ಓದುತ್ತೀ ಎಂದು ಅವರು ಕೇಳಲಿ ಅಂತ ಕಾಯುತ್ತಿದ್ದೆ.