ದಡದಲ್ಲಿ ಬೋರಲು ಹಾಕಿದ ಹರಿಗೋಲು

ನನ್ನ ಮೊಮ್ಮಗ ಈಗ ನಡೆಯಲು ಕಲಿತಿದ್ದಾನೆ. ಮಗನಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಕೂಸು. ಅವನ ಗೆಜ್ಜೆಯ ಸಪ್ಪಳ ಕೇಳಿದರೆ ಒಲೆಯ ಮೇಲಿಟ್ಟ ಹಾಲು ಮರೆತೇ ಹೋಗುತ್ತದೆ. ಉಕ್ಕಿ ಒಲೆಯೆಲ್ಲ ಬೆಳ್ಳಗಾದರೂ ಸೊಸೆ ಏನೂ ಅನ್ನುವುದಿಲ್ಲ, ಅವಳೂ ನನ್ನ ಹಾಗೇ ಹುಚ್ಚಾಗಿದ್ದಾಳೆ. ಕಟ್ಟೆಯಿಂದ ಇಳಿಯುವಾಗ ಆ ಕೂಸು ಹೆಜ್ಜೆ ಹಾಕುವುದಿಲ್ಲ, ನೋಡಿ. ಮೊದಲು ಕೂರುತ್ತಾನೆ, ಜಾರಿ ಜಾರಿ ಅಂಚಿಗೆ ಬರುತ್ತಾನೆ, ಕಾಲು ಇಳಿಬಿಟ್ಟು ನೆಲ ಸಿಕ್ಕಿತೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಏಳುತ್ತಾನೆ. ಯಾರೂ ಕಲಿಸಿದ್ದಲ್ಲ. ಮೊನ್ನೆ ಅದನ್ನು ನೋಡಿ ನಗುತ್ತಿದ್ದವಳಿಗೆ ಹಾಗೇ ಕಣ್ಣು ತುಂಬಿ ಬಂತು. ನಮ್ಮ ಮನೆಯಲ್ಲಿ ಒಬ್ಬರು ಹಾಗೆ ಕೂತು ಜಾರುವುದನ್ನು ಮುಪ್ಪಿನಲ್ಲಿ ಕಲಿತಿದ್ದರು. ಅವರು ನನ್ನ ಅತ್ತೆ. ನಾನು ಅಕ್ಷರ ಕಲಿತದ್ದು ಮಗನ ಜೊತೆ ಕೂತು, ಅವನ ಪಾಟಿಯ ಮೇಲೆ. ಅಷ್ಟರಲ್ಲೇ ಬರೆಯುತ್ತಿದ್ದೇನೆ.

ನಾನು ಸೊಸೆಯಾಗಿ ಹೋದಾಗ ದೊಡ್ಡ ಯುದ್ಧ ನಡೆದಿತ್ತಂತೆ. ನಮಗೆ ಅದು ಗೊತ್ತಾದದ್ದು ಸೀಮೆಎಣ್ಣೆ ಸಿಗದೆ ಹೋದಾಗ ಮಾತ್ರ. ಗಂಗಾವತಿ ತಾಲೂಕಿನ ಹೊಳೆದಂಡೆಯ ಊರು. ನಮ್ಮ ದಡ ನಿಜಾಮರದು, ಆಚೆ ದಡ ಇಂಗ್ರೇಜರದು. ನಡುವೆ ತುಂಗಭದ್ರೆ, ಅವಳಿಗೆ ಯಾರ ಹಂಗೂ ಇಲ್ಲ. ನನ್ನ ಮಾವ ಹರಿಗೋಲು ನಡೆಸುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊರಗಿನಿಂದ ಎಮ್ಮೆಯ ತೊಗಲು. ನೀರಿನ ಮೇಲೆ ಅದು ಎಲೆಯ ಹಾಗೆ ಹಗುರ. ಒಳಗೆ ಕೂತವರಿಗೆ ಏನೂ ಭಯವಿಲ್ಲ. ಭಯವಿರುವುದು ಹತ್ತುವಾಗ ಮತ್ತು ಇಳಿಯುವಾಗ. ಅಂಚಿನ ಮೇಲೆ ಕಾಲಿಟ್ಟರೆ ಬುಟ್ಟಿ ವಾಲುತ್ತದೆ, ದಡವನ್ನು ಒತ್ತಿದರೆ ಹಿಂದಕ್ಕೆ ಸರಿಯುತ್ತದೆ.

ಅತ್ತೆಗೆ ಆದದ್ದೂ ಹಾಗೆಯೇ. ಅವರ ತವರು ಆಚೆ ದಡದಲ್ಲಿ. ನಾನು ಬರುವ ಎಷ್ಟೋ ವರ್ಷ ಮೊದಲು ತವರಿಗೆ ಹೋಗಿ ಇಳಿಯುವಾಗ, ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಹರಿಗೋಲಿನೊಳಗೆ ಇದ್ದ ಹೊತ್ತಿನಲ್ಲಿ ಹರಿಗೋಲು ಸರಿದುಬಿಟ್ಟಿತು. ತೊಡೆಯ ಎಲುಬು ಮುರಿಯಿತು. ಬಾಗಿಲ ಹಲಗೆಯ ಮೇಲೆ ಮಲಗಿಸಿ ನಮ್ಮ ದಡಕ್ಕೆ ತಂದರಂತೆ. ಅದಕ್ಕೂ ಮೊದಲು ಅವರ ತಾಯಿ ಆಚೆ ದಂಡೆಗೆ ಓಡಿ ಬಂದವರು, ಹಲಗೆಯ ಮೇಲಿದ್ದ ಮಗಳನ್ನು ಕಂಡು ಸತ್ತೇ ಹೋದಳೆಂದು ತಿಳಿದು ಎದೆ ಬಡಿದುಕೊಂಡು ನೀರಿಗೆ ಬಿದ್ದರಂತೆ. ಜನ ಹಿಡಿದು ಎಳೆದರು. ನಾಟಿ ವೈದ್ಯರು ಎಲುಬು ಕೂಡಿಸಿದರು, ಆದರೆ ಕಾಲು ಗಿಡ್ಡವಾಯಿತು, ಮೊಣಕಾಲು ಮಡಚದ ಹಾಗಾಯಿತು. ಅಲ್ಲಿಂದ ಅತ್ತೆ ಹೊಳೆ ದಾಟಲಿಲ್ಲ. ತಾಯಿಗೂ ಅಷ್ಟು ದೂರ ಬರುವ ಶಕ್ತಿ ಇರಲಿಲ್ಲ. ಹರಿಗೋಲಿನವನ ಹೆಂಡತಿ, ಹೊಳೆಯ ಈಚೆ ಕೂತು ಆಚೆಯ ಸುದ್ದಿಯನ್ನು ಬಂದು ಹೋಗುವವರ ಬಾಯಿಂದ ಕೇಳುತ್ತ ಮುಪ್ಪಾದರು.

ಒಂದು ಚಳಿಗಾಲ, ಬಟ್ಟೆಯ ಗಂಟು ಹೊತ್ತು ಎರಡೂ ದಡದಲ್ಲಿ ವ್ಯಾಪಾರ ಮಾಡುತ್ತಿದ್ದ ಸಾಹೇಬರು ಹರಿಗೋಲಿನಿಂದ ಇಳಿದು ನೇರ ನಮ್ಮ ಮನೆಗೆ ಬಂದರು. ಗಂಟು ಬಿಚ್ಚಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ.

“ಅಕ್ಕಾ, ನಿಮ್ಮ ಅವ್ವಾರದು ತಬೀಯತ್ ಬರಾಬರ್ ಇಲ್ಲ. ಬಾಗಿಲ ಕಡೀಗೇ ಮಾರಿ ಮಾಡಿ ಮಲಗ್ಯಾರ. ಯಾರ್ ಒಳಗ ಬಂದ್ರೂ ನೀವಽ ಬಂದ್ರೇನಂತ ಕೇಳ್ತಾರ.”

ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು. ನನ್ನ ಗಂಡ ಆಗಲೇ ಧೋತರ ಮೇಲೆ ಕಟ್ಟಿ, ಹೊತ್ತುಕೊಂಡು ಹೋಗುತ್ತೇನೆ ನಡಿ ಎಂದು ಎದ್ದು ನಿಂತರು. ಅತ್ತೆ ಆಗುವುದಿಲ್ಲ ಎಂದರು. ಮಾವ ಬೈದರು, ಸಾಹೇಬರು ಬುದ್ಧಿ ಹೇಳಿದರು. ಅತ್ತೆಯದು ಒಂದೇ ಮಾತು.

“ಅವ್ವ ನನ್ನ ಒಮ್ಮಿ ಹಲಗಿ ಮ್ಯಾಲ ನೋಡ್ಯಾಳ. ಇನ್ನೊಮ್ಮಿ ಹೊತ್ಕೊಂಡ್ ಹೋಗೂದನ್ನ ತೋರಸಬ್ಯಾಡ್ರಿ, ಜೀವಾ ಬಿಡ್ತಾಳ. ನನ್ನ ಕಾಲಿಂದ ನಾ ಇಳೀಬೇಕು.”

ಆಗ ಶುರುವಾಯಿತು ನಮ್ಮ ಕೆಲಸ. ಮಾವ ಮೊದಲು ನೀರಿನಂಚಿಗೆ ಒಂದು ಚಪ್ಪಡಿ ಕಲ್ಲು ಉರುಳಿಸಿ ಮೆಟ್ಟಿಲು ಮಾಡಿದರು. ಹರಿಗೋಲು ಅಲೆಗೆ ಅದಕ್ಕೆ ಉಜ್ಜಿ ತೊಗಲು ಕೆತ್ತಿ ಬಂತು. ತೊಗಲು ಹರಿದರೆ ನಡುನೀರಿನಲ್ಲಿ ಎಲ್ಲರ ಕಥೆ ಮುಗಿದಂತೆ, ಕಲ್ಲು ತೆಗೆದು ಎಸೆದರು. ಆಮೇಲೆ ಹಲಗೆ ಹಾಕಿ ನೋಡಿದರು. ಒಂದು ತುದಿ ದಡದ ಮೇಲೆ, ಇನ್ನೊಂದು ಬುಟ್ಟಿಯ ಅಂಚಿನ ಮೇಲೆ. ನಾನು ಕಾಲಿಟ್ಟೆ, ಬುಟ್ಟಿ ವಾಲಿ ನಾನೇ ನೀರಿಗೆ ಬಿದ್ದೆ. ಅತ್ತೆ ನಕ್ಕರು, ಮತ್ತೆ ಆಚೆ ದಡದ ಕಡೆ ತಿರುಗಿದರು. ಆಚೆ ಕಡೆಯಿಂದ ದಿನವೂ ಏನೋ ಒಂದು ಸುದ್ದಿ. ಗಂಜಿ ಇಳಿಯುತ್ತಿಲ್ಲವಂತೆ. ಮಾತು ಕಡಿಮೆಯಾಗಿದೆಯಂತೆ.

ನಮ್ಮ ಮನೆಯ ಮುಂದೆ ಹಳೆಯ ಹರಿಗೋಲೊಂದು ಬೋರಲು ಬಿದ್ದಿತ್ತು. ತೊಗಲು ಕೊಳೆತು ಹೋಗಿತ್ತು, ಬಿದಿರು ಮಾತ್ರ ಗಟ್ಟಿ. ಅತ್ತೆ ಯಾವಾಗಲೂ ಅದರ ಮೇಲೇ ಕೂತು ಉಳ್ಳಾಗಡ್ಡಿ ಸುಲಿಯುತ್ತಿದ್ದರು. ನೆಲಕ್ಕೆ ಕೂರಲಾಗದ ಅವರಿಗೆ ಅದು ಸರಿಯಾದ ಎತ್ತರ. ಒಂದು ದಿನ ಮುಂಜಾನೆ ಅವರು ಅದರ ಮೇಲೆ ಕೂತು, ಸೆಟೆದ ಕಾಲನ್ನು ಎರಡು ಕೈಯಿಂದ ಎತ್ತಿ ಆ ಕಡೆಗೆ ತಿರುಗಿಸಿದ್ದನ್ನು ನಾನು ನೋಡಿದೆ. ಮಾವನ ಎದುರು ಮಾತಾಡುವ ಸೊಸೆ ನಾನಲ್ಲ. ಗಂಡನಿಗೆ ಹೇಳಿದೆ, ಅವರು ಮಾವನಿಗೆ ಹೇಳಿದರು. ನಿಂತು ಹತ್ತುವುದೇ ಬೇಡ, ಕೂತು ಹತ್ತಲಿ ಎಂದು.

ಆ ಹಳೆಯ ಬುಟ್ಟಿಯನ್ನು ನೀರಿನಂಚಿಗೆ ಎಳೆದು ಬೋರಲು ಹಾಕಿದರು. ಅಲುಗಾಡದಂತೆ ಒಳಗೆ ಮರಳು ತುಂಬಿದ ಚೀಲ ಇಟ್ಟರು. ಮೇಲೆ ಹುಲ್ಲು ತುಂಬಿದ ಗೋಣಿ ಹೊದಿಸಿದರು. ಹೊಸ ಹರಿಗೋಲನ್ನು ಅದರ ಪಕ್ಕಕ್ಕೆ ಒತ್ತಿ ಗೂಟಕ್ಕೆ ಕಟ್ಟಿದರು. ಕಲ್ಲಿನ ಹಾಗೆ ಬಿದಿರು ತೊಗಲನ್ನು ಕೆತ್ತುವುದಿಲ್ಲ. ವಾಲದಂತೆ ನಾನು ಆಚೆ ಬದಿಗೆ ಭಾರವಾಗಿ ಕೂತೆ. ಅತ್ತೆ ಗೋಣಿಯ ಮೇಲೆ ಕೂತು, ಜಾರಿ, ಕಾಲೆತ್ತಿ ಒಳಗಿಟ್ಟು, ಮೆಲ್ಲಗೆ ಹರಿಗೋಲಿನೊಳಗೆ ಇಳಿದೇಬಿಟ್ಟರು. ಮತ್ತೆ ಹಾಗೇ ಹೊರಗೆ. ಮತ್ತೆ ಒಳಗೆ.

“ನವಾಬರ ಬೇಗಂ ಗಾದಿ ಮ್ಯಾಲ ಕುಂತಂಗ ಕುಂತೀಯಲ್ಲ” ಎಂದರು ಮಾವ.

“ಬೇಗಂ ಆಗಿದ್ರ ನಿಮ್ಮ ಕೊಳತ ಬುಟ್ಟಿ ಮ್ಯಾಲ ಯಾಕ ಕುಂದರ್ತಿದ್ನಿ” ಎಂದರು ಅತ್ತೆ.

ಆ ದಿನದ ಖುಷಿ ಏನು ಹೇಳಲಿ! ಅತ್ತೆ ಹಸಿರು ಸೀರೆ ಉಟ್ಟರು. ತಾಯಿಗೆಂದು ಮೆತ್ತಗಿನ ಸಜ್ಜಕ ಮಾಡಿ ತಟ್ಟೆ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಬಿಸಿಲೇರುವ ಮೊದಲೇ ಹೊರಟೆವು, ಮಾವ, ನನ್ನ ಗಂಡ, ಅತ್ತೆ, ನಾನು. ನಡುನೀರಿನಲ್ಲಿ ಅತ್ತೆ ಕೈಯನ್ನು ಹೊರಗೆ ಚಾಚಿ ನೀರು ಮುಟ್ಟಿದರು.

ಆಚೆ ದಡ ಹತ್ತಿರ ಬಂದಂತೆ ಮಾವನ ಕೈಯ ಹುಟ್ಟು ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು. ನಾನು ಅವರ ಮುಖ ನೋಡಿದೆ, ಅವರು ದಡವನ್ನು ನೋಡುತ್ತಿದ್ದರು. ಅಲ್ಲಿ ಕೆಸರು, ಪಾಚಿ ಹಿಡಿದ ಬಂಡೆಗಳು. ಎಲ್ಲರೂ ಮೊಣಕಾಲುದ್ದ ನೀರಿಗೆ ಇಳಿದು, ಬಂಡೆ ಹಿಡಿದು ಹತ್ತುವ ಜಾಗ. ಆ ದಡದ ಮೇಲೆ ನಾವು ಏನೂ ಮಾಡಿರಲಿಲ್ಲ. ಇಷ್ಟು ದಿನ ನಮ್ಮ ಕಣ್ಣೆದುರಿಗಿದ್ದದ್ದು ನಮ್ಮ ದಡ. ನಾಲ್ಕು ಜನರ ತಲೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಜನ್ಮವೆಲ್ಲ ಹೊಳೆ ದಾಟಿದ ಮನುಷ್ಯ ಮಾವ, ಅವರಿಗೂ ಹೊಳೆಯಲಿಲ್ಲ.

ಆ ದಡದ ಅಂಬಿಗ ಬಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ನಮ್ಮ ಕಡೆಯ ಗಾದಿಯ ಸುದ್ದಿ ಅವನಿಗೂ ಮುಟ್ಟಿತ್ತು.

“ಏನ್ರಿ ಅಂಬಿಗ್ರ, ಹತ್ತಾಕ ಗಾದಿ ಮಾಡೀರಿ, ಇಳಿಯಾಕ ಮರತ್ರೇನು?”

ಮಾವ ಹುಟ್ಟಿನಿಂದ ಪಾಚಿ ಬಂಡೆಯನ್ನು ತಟ್ಟಿ ನೋಡಿದರು. ಅಷ್ಟರಲ್ಲಿ ಅತ್ತೆಯ ತಮ್ಮ ದಂಡೆಗೆ ಬಂದರು. ನನ್ನ ಗಂಡ ನೀರಿಗಿಳಿದು, ಬಾ ಅವ್ವಾ, ಬೆನ್ನು ಹಿಡಿ ಎಂದು ಬಗ್ಗಿ ನಿಂತರು. ಅತ್ತೆ ಬಂಡೆಗಳನ್ನೇ ನೋಡುತ್ತಿದ್ದರು. ವಾಪಸು ಹೋಗಿ ಆ ಬುಟ್ಟಿಯನ್ನೇ ಹಾಕಿಕೊಂಡು ಬರೋಣ ಎಂದರು ಮಾವ. ಈ ದಡದಲ್ಲಿ ಏನಾದರೂ ಇಡಬೇಕಾದರೆ ಗೌಡರನ್ನು ಕೇಳಬೇಕು, ನಮ್ಮ ಸರಕಾರ ಬೇರೆ, ನಿಮ್ಮದು ಬೇರೆ ಎಂದ ಆ ಅಂಬಿಗ. ಮಾತು ಹೀಗೆ ಎಳೆದಾಡುತ್ತಿರುವಾಗ ತಮ್ಮ ಯಾರಿಗೂ ಹೇಳದೆ ಊರ ಕಡೆ ಹೋದದ್ದು ನಮಗೆ ಗೊತ್ತಾಗಲಿಲ್ಲ. ಕೊನೆಗೆ ಅತ್ತೆ ಮಗನ ಕಡೆ ತಿರುಗಿದರು.

“ಹೊರಪ್ಪಾ. ಆಗಿದ್ದಾಗ್ಲಿ.”

ನನ್ನ ಗಂಡ ಕೈ ಚಾಚಿದರು. ಅದೇ ಹೊತ್ತಿಗೆ ದಿಣ್ಣೆಯ ಮೇಲೆ ಜನ ಕಂಡರು. ಹಗ್ಗ ಹೆಣೆದ ಒಂದು ಹೊರಸನ್ನು ಹೆಗಲ ಮೇಲೆ ಹೊತ್ತು ಇಳಿದು ಬರುತ್ತಿದ್ದರು. ಹೊರಸಿನ ಮೇಲೆ ಕೌದಿ, ಕೌದಿಯ ಕೆಳಗೆ ಇಷ್ಟೇ ಇಷ್ಟು ಜೀವ. ಅತ್ತೆಯ ತಾಯಿ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ತನ್ನನ್ನು ಹಾಗೆ ಹೊತ್ತು ತರುವುದನ್ನು ತಾಯಿ ನೋಡಬಾರದು ಎಂದವರು, ತಾಯಿಯನ್ನು ಹಾಗೆ ಹೊತ್ತು ತರುವುದನ್ನು ನೋಡಿದರು. ಹೊರಸನ್ನು ನೀರಿನವರೆಗೂ ತಂದು, ಮುಂದಿನ ಕಾಲುಗಳನ್ನು ನೀರಿನಲ್ಲಿಟ್ಟು ಹಿಡಿದು ನಿಂತರು. ಮಾವ ಹುಟ್ಟನ್ನು ಕೆಸರಿಗೆ ಚುಚ್ಚಿ ಹರಿಗೋಲು ಸರಿಯದಂತೆ ಒತ್ತಿ ಹಿಡಿದರು. ಅಂಚಿನ ಮೇಲಿನಿಂದ ಅತ್ತೆ ಕೈ ಚಾಚಿದರು. ಬೆರಳಿಗೆ ಬೆರಳು ಸಿಕ್ಕಿತು. ಬೀಡಿ ಸೇದುತ್ತಿದ್ದ ಅಂಬಿಗನೂ ನೀರಿಗಿಳಿದು ಒಂದು ಬದಿ ಹಿಡಿದ.

ಆ ಮುದುಕಿ ಮಗಳ ಮುಖವನ್ನು ಬಹಳ ಹೊತ್ತು ನೋಡಿದರು.

“ಇಳಿಯವ್ವಾ” ಎಂದರು. “ಮನೀಗ್ ಬಾ. ರೊಟ್ಟಿ ತಿಂದು ಹೋಗಂತಿ.”

“ಇಳೀತೀನಿ ಬೇ. ನಾಳಿ ಬಂದು ಇಳೀತೀನಿ.”

ಅತ್ತೆ ಸಜ್ಜಕವನ್ನು ಬೆರಳ ತುದಿಯಿಂದ ತಾಯಿಯ ತುಟಿಗೆ ಹಚ್ಚಿದರು. ಒಳಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಗಾಳಿ ತಣ್ಣಗೆ ಬೀಸುತ್ತಿತ್ತು, ತಮ್ಮ ಅವಸರ ಮಾಡಿದರು. ಹೊರಸು ದಿಣ್ಣೆ ಏರಿ ಮರೆಯಾಗುವವರೆಗೆ ಮಾವ ಹುಟ್ಟು ಕೀಳಲಿಲ್ಲ.

ಮರುದಿನ ಮಾವ ಗೌಡರ ಮಾತು ಪಡೆಯಲು ಆಚೆ ಹೋದರು. ಗೌಡರು ಹೊಸಪೇಟೆಗೆ ಹೋಗಿದ್ದರು. ಬಂದ ಮೇಲೆ, ಇದಕ್ಕೇನು ಕೇಳುವುದು, ಹಾಕಿಕೊಳ್ಳಿ ಎಂದರಂತೆ. ಇದ್ದೊಂದು ಹಳೆಯ ಬುಟ್ಟಿ ನಮ್ಮ ದಡದಲ್ಲಿ ಹತ್ತಲು ಬೇಕು, ಬೇರೆ ಇರಲಿಲ್ಲ. ಮಾವ ಮತ್ತು ನನ್ನ ಗಂಡ ಹಸಿ ಬಿದಿರು ಸೀಳಿ ಹೊಸದನ್ನೇ ಹೆಣೆದರು. ತೊಗಲು ಹೊದಿಸದ, ನೀರಿಗೆ ಇಳಿಯದ, ಬರೀ ಬೋರಲು ಹಾಕಲೆಂದೇ ಹೆಣೆದ ಹರಿಗೋಲು. ಅದನ್ನು ಆಚೆ ದಡದಲ್ಲಿ ಕೂರಿಸಲು ಹೊರಟ ಮುಂಜಾನೆಯೇ ಸಾಹೇಬರು ಈ ಕಡೆ ಬಂದರು. ಈ ಸಲವೂ ಅವರು ಗಂಟು ಬಿಚ್ಚಲಿಲ್ಲ.

ಅತ್ತೆಯ ತಾಯಿಯ ಮಣ್ಣಿಗೆ ಹೋದೆವು. ಮಾವ ಮೊದಲು ಇಳಿದು ಬುಟ್ಟಿಯನ್ನು ಕೆಸರಿನಲ್ಲಿ ಬೋರಲು ಹಾಕಿ, ಮರಳಿನ ಚೀಲ ತುರುಕಿ, ಕೈಯಿಂದ ಒತ್ತಿ ಒತ್ತಿ ನೋಡಿದರು. ಅಲ್ಲಿಂದ ಬಂಡೆಯ ಮೇಲಿನ ಒಣ ನೆಲದವರೆಗೆ ಹಲಗೆ ಹಾಕಿದರು. ವಾಲದಂತೆ ನಾನು ಹರಿಗೋಲಿನ ಇನ್ನೊಂದು ಬದಿಗೆ ಕೂತೆ. ಅತ್ತೆ ಅಂಚಿಗೆ ಬಂದು, ಜಾರಿ, ಬುಟ್ಟಿಯ ಮೇಲೆ ಕೂತರು. ಕಾಲು ಎತ್ತಿ ಆ ಕಡೆಗೆ ಇಳಿಬಿಟ್ಟರು. ಎದ್ದು ನಿಂತು ಹಲಗೆಯ ಮೇಲೆ ನಡೆದರು. ಹರಿಗೋಲು ಅಲುಗಲೇ ಇಲ್ಲ. ತವರಿನ ನೆಲದ ಮೇಲೆ ನಿಂತು ಅವರು ಹಿಂದಿರುಗಿ ನೋಡಿದರು.

“ಇಷ್ಟ ಹಗೂರ ಇತ್ತೇನ್ರಿ, ಇಳಿಯೂದು?”

ಮಾವ ಹುಟ್ಟಿಗೆ ಮೆತ್ತಿದ ಕೆಸರು ತೊಳೆಯುತ್ತಿದ್ದರು. ಕೆಸರು ಹೋಗಿತ್ತು. ಅವರು ಮತ್ತೆ ತೊಳೆದರು.